ಹದ್ದಿನ ಎಲೆಗೆ ನಾವು ಬಡಿಸಿದ್ದು

ಒಂದು ಎಕ್ಸ್‌ರೇಯಿಂದ ಶುರು ಮಾಡುತ್ತೇನೆ. ಇಲ್ಲೇ ಅಮೆರಿಕದ ಮಿನೆಸೋಟ ರಾಜ್ಯದಲ್ಲಿ ನಾನು ವಾರಕ್ಕೊಂದು ದಿನ ಸೇವೆಗೆಂದು ಹೋಗುವ ಪಕ್ಷಿ ಆಸ್ಪತ್ರೆಗೆ ಕೆಲವು ವರ್ಷಗಳ ಹಿಂದೆ, ನವೆಂಬರ್ ಕೊನೆಯಲ್ಲಿ, ಒಂದು ಬಾಲ್ಡ್ ಈಗಲ್, ಅಂದರೆ ಅಮೆರಿಕದ ಮುದ್ರೆಯ ಮೇಲಿರುವ ಆ ಹದ್ದನ್ನು, ತಂದರು. ಕೊಯ್ಲಾದ ಜೋಳದ ಹೊಲದಲ್ಲಿ ಕೂತಿತ್ತಂತೆ, ರೈತ ಹತ್ತಿರ ಹೋದರೂ ಏಳಲಿಲ್ಲವಂತೆ. ಟವೆಲ್ಲಿನಲ್ಲಿ ಸುತ್ತಿ ನಾನೇ ಎದೆಗವಚಿ ಹಿಡಿದಿದ್ದೆ. ಮೈಮೇಲೆ ಒಂದು ಗಾಯವಿಲ್ಲ, ಮೂಳೆ ಮುರಿದಿಲ್ಲ. ಆದರೆ ಕತ್ತು ನಿಲ್ಲುತ್ತಿರಲಿಲ್ಲ. ರೆಕ್ಕೆಗಳು ಒದ್ದೆ ಕಂಬಳಿಯ ಹಾಗೆ ಜೋತುಬಿದ್ದಿದ್ದವು. ಕಾಲಿನ ಉಗುರುಗಳು ಒಳಕ್ಕೆ ಮಡಚಿ ಮುಷ್ಟಿ ಕಟ್ಟಿಕೊಂಡಿದ್ದವು. ಹಿಕ್ಕೆ ಗಾಢ ಹಸಿರು. ಎಕ್ಸ್‌ರೇ ತೆಗೆದಾಗ ಹೊಟ್ಟೆಯಲ್ಲಿ ಒಂದು ಬಿಳಿ ಚುಕ್ಕೆ ಕಂಡಿತು, ನಮ್ಮ ಸೋನಾ ಮಸೂರಿ ಅಕ್ಕಿಯ ಒಂದು ಕಾಳಿನಷ್ಟು. ಡಾಕ್ಟರು ಪೆನ್ನಿನ ತುದಿಯಿಂದ ಅದನ್ನು ತೋರಿಸಿ, ಸೀಸ ಎಂದರು. ಬೆಳಗಾಗುವಷ್ಟರಲ್ಲಿ ಹದ್ದು ಸತ್ತಿತ್ತು. ಅಷ್ಟು ದೊಡ್ಡ ಹಕ್ಕಿಗೆ ಅಷ್ಟೇ ಸಾಕು, ಒಂದು ಅಕ್ಕಿಕಾಳು.

ಆ ಸೀಸ ಹೊಟ್ಟೆಗೆ ಹೋದದ್ದು ಹೇಗೆ? ಹದ್ದಿಗೆ ಯಾರೂ ಗುಂಡು ಹೊಡೆದಿರಲಿಲ್ಲ. ನವೆಂಬರ್ ಅಂದರೆ ಇಲ್ಲಿ ಜಿಂಕೆ ಬೇಟೆಯ ಕಾಲ. ಬೇಟೆಗಾರ ಜಿಂಕೆಯನ್ನು ಹೊಡೆದ ಜಾಗದಲ್ಲೇ ಹೊಟ್ಟೆ ಬಗೆದು, ಕರುಳು, ಶ್ವಾಸಕೋಶ ಎಲ್ಲ ತೆಗೆದು ಅಲ್ಲೇ ಬಿಟ್ಟು, ಮಿಕ್ಕ ಮೈಯನ್ನು ಮನೆಗೆ ಒಯ್ಯುತ್ತಾನೆ. ಸೀಸದ ಗುಂಡು ಮೈಯೊಳಗೆ ಹೊಕ್ಕಾಗ ಇಡಿಯಾಗಿ ಉಳಿಯುವುದಿಲ್ಲ, ಪುಡಿಯಾಗಿ ನೂರಾರು ಚೂರಾಗಿ ಸುತ್ತಲ ಮಾಂಸಕ್ಕೆ ಸಿಡಿಯುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಚೂರುಗಳೂ ಇರುತ್ತವೆ. ಆ ಕರುಳಿನ ರಾಶಿಗೆ ಮೊದಲು ಕಾಗೆ ಬರುತ್ತದೆ, ಅದರ ಹಿಂದೆ ಹದ್ದು. ಹದ್ದಿನ ಜಠರದ ಆಮ್ಲ ಮೂಳೆಯನ್ನೂ ಕರಗಿಸುವಂಥದ್ದು, ಸೀಸವನ್ನು ಬಿಡುತ್ತದೆಯೇ? ಕರಗಿದ ಸೀಸ ರಕ್ತಕ್ಕೆ ಸೇರುತ್ತದೆ. ದೇಹ ಅದನ್ನು ಕ್ಯಾಲ್ಸಿಯಂ ಎಂದೇ ತಿಳಿದು ನರಕ್ಕೂ ಮೂಳೆಗೂ ಕಳಿಸಿಕೊಡುತ್ತದೆ.

ಇವತ್ತು ಇಲ್ಲಿ ಸೇರಿರುವ ಕನ್ನಡಿಗರಿಗೆ ನಾನು ಹೇಳಬೇಕೆಂದು ಬಂದಿರುವುದು ಇದೊಂದೇ ವಿಷಯ. ಈ ಹಕ್ಕಿಯನ್ನು ನಾಣ್ಯದ ಮೇಲೆ, ಪಾಸ್‌ಪೋರ್ಟಿನ ಮೇಲೆ ನೋಡಿ ನೋಡಿ, ಅದು ಸದಾ ಆಕಾಶದಿಂದ ಎರಗಿ ಬೇಟೆಯಾಡುವ ವೀರ ಎಂದು ನಾವೆಲ್ಲ ನಂಬಿದ್ದೇವೆ. ಮೀನು ಹಿಡಿಯುವುದು ನಿಜ. ಆದರೆ ಇಲ್ಲಿಯ ಚಳಿಗಾಲದಲ್ಲಿ, ಕೆರೆಗಳೆಲ್ಲ ಹೆಪ್ಪುಗಟ್ಟಿದಾಗ, ಅದು ಬದುಕುವುದು ಬಹುಮಟ್ಟಿಗೆ ಸತ್ತದ್ದನ್ನು ತಿಂದು. ರಸ್ತೆಯಲ್ಲಿ ಸತ್ತ ಜಿಂಕೆ, ಬೇಟೆಗಾರ ಬಿಟ್ಟ ಕರುಳು, ಕಸದ ಗುಡ್ಡದಲ್ಲಿ ಸಿಕ್ಕ ಹೆಣ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಅದು ನಮ್ಮ ಎಂಜಲು ಉಣ್ಣುವ ಹಕ್ಕಿ. ಎಂಜಲಿನಲ್ಲಿ ವಿಷವಿದ್ದರೆ ಅದಕ್ಕೆ ಗೊತ್ತಾಗುವ ದಾರಿಯೇ ಇಲ್ಲ. ಕಳೆದ 80 ವರ್ಷಗಳಲ್ಲಿ ಇದಕ್ಕೆ ಬಂದ ದೊಡ್ಡ ಕಂಟಕಗಳಲ್ಲಿ ಹೆಚ್ಚಿನವು ಊಟದ ಮೂಲಕವೇ ಬಂದವು.

ಹೆಸರಿನ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ಕನ್ನಡದಲ್ಲಿ ಇದನ್ನು ಬೋಳುತಲೆ ಹದ್ದು ಎಂದು ಬರೆಯುತ್ತಾರೆ. ತಲೆಯೇನೂ ಬೋಳಲ್ಲ. ಹಳೆಯ ಇಂಗ್ಲಿಷಿನಲ್ಲಿ ಆ ಪದಕ್ಕೆ ಬಿಳಿ ಎಂಬ ಅರ್ಥವಿತ್ತು. ಹಾಗಾಗಿ ಬಿಳಿತಲೆ ಹದ್ದು ಅನ್ನುವುದೇ ಸರಿ, ನಾನು ಹಾಗೆಯೇ ಕರೆಯುತ್ತೇನೆ. ಕರಾವಳಿಯಲ್ಲಿ ಬೆಳೆದ ನನಗೆ ಇದನ್ನು ಮೊದಲ ಸಲ ಕಂಡಾಗ ನೆನಪಾದದ್ದು ನಮ್ಮ ಗರುಡ. ಬಿಳಿ ತಲೆ, ಕಂದು ಮೈ, ನೀರಿನ ಮೇಲೆ ಸುತ್ತು ಹಾಕುವ ರೀತಿ. ಅಜ್ಜಿ ಗರುಡನನ್ನು ಕಂಡರೆ ನಿಂತಲ್ಲೇ ಕೈ ಮುಗಿಯುತ್ತಿದ್ದರು. ಇಲ್ಲಿ ಮಿಸಿಸಿಪ್ಪಿ ದಂಡೆಯಲ್ಲಿ ನನ್ನ ಕೈಗಳು ತಾವಾಗಿ ಜೋಡಿದವು. ರಕ್ತಸಂಬಂಧ ನೋಡಿದರೆ ಇದಕ್ಕೆ ಇನ್ನೂ ಹತ್ತಿರದ್ದು ನಮ್ಮ ಬಿಳಿ ಹೊಟ್ಟೆಯ ಕಡಲ ಹದ್ದು, ಮುರ್ಡೇಶ್ವರದಾಚೆ ನೇತ್ರಾಣಿ ದ್ವೀಪದಲ್ಲಿ ಗೂಡು ಕಟ್ಟುವುದು. ಮಕ್ಕಳು ಗಮನಿಸಿ: ಬಿಳಿತಲೆ ಹದ್ದಿನ ಮರಿಗೆ ಬಿಳಿ ತಲೆ ಇರುವುದಿಲ್ಲ. ಸುಮಾರು 5 ವರ್ಷ ತುಂಬುವವರೆಗೆ ಮೈಯೆಲ್ಲ ಕಂದು, ಅಲ್ಲಲ್ಲಿ ಬಿಳಿ ಮಚ್ಚೆ. ಇದೇ ಕಾರಣಕ್ಕೆ ಹಿಂದೆ ಎಷ್ಟೋ ಮರಿಗಳನ್ನು ಬೇರೆ ಹದ್ದೆಂದು ತಿಳಿದು ಕೊಂದರು. 1962ರಲ್ಲಿ ಹೊನ್ನಹದ್ದನ್ನೂ, ಅಂದರೆ ಗೋಲ್ಡನ್ ಈಗಲನ್ನೂ, ಕಾನೂನಿನ ರಕ್ಷಣೆಗೆ ಸೇರಿಸಲು ಇದೂ ಒಂದು ಕಾರಣ.

ಗುಂಡಿನ ಕಾಲವೂ ಇತ್ತು. 1782ರಿಂದ ದೇಶದ ಮುದ್ರೆಯ ಮೇಲಿರುವ ಹಕ್ಕಿಯ ತಲೆಗೆ 1917ರಿಂದ 1953ರವರೆಗೆ ಅಲಾಸ್ಕದಲ್ಲಿ ಸರ್ಕಾರವೇ ಬಹುಮಾನ ಕಟ್ಟಿತ್ತು. ಸಾಲ್ಮನ್ ಮೀನು ತಿನ್ನುತ್ತದೆ, ಸಾಕಿದ ನರಿಮರಿ ಒಯ್ಯುತ್ತದೆ ಎಂಬುದು ದೂರು. ಬಹುಮಾನ ಪಡೆದ ಲೆಕ್ಕವೇ 1 ಲಕ್ಷ 20 ಸಾವಿರಕ್ಕೂ ಮೇಲೆ. ಉಳಿದ ರಾಜ್ಯಗಳಲ್ಲಿ 1940ರ ಕಾನೂನು ಬಂದ ಮೇಲೆ ಬೇಟೆ ತಗ್ಗಿತು. ಇನ್ನು ಹದ್ದು ಉಳಿಯಿತು ಎಂದುಕೊಂಡರು. ಆಗಲೇ ಅದರ ಊಟಕ್ಕೆ ವಿಷ ಬಿತ್ತು.

ಅದನ್ನು ಮೊದಲು ಕಂಡವರು ವಿಜ್ಞಾನಿಯಲ್ಲ, ನಿವೃತ್ತ ಬ್ಯಾಂಕ್ ಮ್ಯಾನೇಜರ್. ಚಾರ್ಲ್ಸ್ ಬ್ರೋಲಿ ಎಂದು, ಕೆನಡಾದ ವಿನಿಪೆಗ್‌ನವರು. ಚಳಿಗಾಲಕ್ಕೆ ಫ್ಲಾರಿಡಾಗೆ ಹೋಗುತ್ತಿದ್ದರು. 1939ರಲ್ಲಿ, ಸುಮಾರು 60ರ ವಯಸ್ಸಿನಲ್ಲಿ, ಹದ್ದಿನ ಮರಿಗಳ ಕಾಲಿಗೆ ಗುರುತಿನ ಉಂಗುರ ಹಾಕುವ ಕೆಲಸ ಹಿಡಿದರು. ಹಗ್ಗದ ಏಣಿ ಹಾಕಿಕೊಂಡು ಎತ್ತರದ ಪೈನ್ ಮರಗಳನ್ನು ಹತ್ತಿ, ಗೂಡಿನಲ್ಲೇ ಕೂತು ಮರಿಗೆ ಉಂಗುರ ತೊಡಿಸುತ್ತಿದ್ದರು. ನೀವು ಊಹಿಸಿಕೊಳ್ಳಿ, ನಮ್ಮಲ್ಲಿ ಪೆನ್ಶನ್ ತೆಗೆದುಕೊಳ್ಳುವ ವಯಸ್ಸಿನ ಒಬ್ಬರು ತೆಂಗಿನ ಮರಕ್ಕಿಂತ ಎತ್ತರಕ್ಕೆ ದಿನಾ ಹತ್ತುವುದನ್ನು. ಸಾವಿರಕ್ಕೂ ಹೆಚ್ಚು ಮರಿಗಳಿಗೆ ಹೀಗೆ ಉಂಗುರ ಹಾಕಿದರು. ಫ್ಲಾರಿಡಾದ ಮರಿಗಳು ಬೇಸಿಗೆಗೆ ಕೆನಡಾವರೆಗೆ ಹಾರುತ್ತವೆ ಎಂದು ಗೊತ್ತಾದದ್ದು ಇವರಿಂದಲೇ. ಮೊದಮೊದಲು ವರ್ಷಕ್ಕೆ 150ರ ಹತ್ತಿರ ಮರಿ ಸಿಗುತ್ತಿತ್ತು. 1947ರ ಮೇಲೆ ಇಳಿಯತೊಡಗಿತು. ಗೂಡಿದೆ, ಗಂಡು ಹೆಣ್ಣು ಇವೆ, ಮರಿಯಿಲ್ಲ. 1958ರಲ್ಲಿ 100 ಮೈಲಿ ಕರಾವಳಿ ಅಲೆದು ಅವರು ಉಂಗುರ ಹಾಕಿದ್ದು ಒಂದೇ ಒಂದು ಮರಿಗೆ. ಮರುವರ್ಷ ಅವರೇ ತೀರಿಕೊಂಡರು. ಅವರ ನೋಟ್‌ಪುಸ್ತಕದ ಲೆಕ್ಕವಿಲ್ಲದಿದ್ದರೆ, ಹದ್ದು ಕಡಿಮೆಯಾಗುತ್ತಿದೆ ಅನ್ನುವುದು ಬರೀ ಅನಿಸಿಕೆಯಾಗಿ ಉಳಿದುಬಿಡುತ್ತಿತ್ತು.

ಕಾರಣ ಡಿಡಿಟಿ. ಸೊಳ್ಳೆಗೆಂದು, ಬೆಳೆಯ ಹುಳಕ್ಕೆಂದು ಸಿಂಪಡಿಸಿದ್ದು ನೀರಿಗೆ ಇಳಿಯಿತು. ನೀರಿನ ಹುಳುವಿನಿಂದ ಸಣ್ಣ ಮೀನಿಗೆ, ಸಣ್ಣದರಿಂದ ದೊಡ್ಡದಕ್ಕೆ, ಮೆಟ್ಟಿಲು ಹತ್ತಿದಂತೆ ವಿಷದ ಪ್ರಮಾಣ ಏರಿತು. ಕೊನೆಯ ಮೆಟ್ಟಿಲಲ್ಲಿ ಹದ್ದು. ತಿಂದ ಹದ್ದು ಸಾಯಲಿಲ್ಲ. ಮೈಯಲ್ಲಿ ಡಿಡಿಟಿ ಒಡೆದು ಉಳಿಯುವ ಡಿಡಿಇ ಎಂಬ ವಸ್ತು ಮೊಟ್ಟೆಯ ಚಿಪ್ಪಿಗೆ ಕ್ಯಾಲ್ಸಿಯಂ ಹೋಗದಂತೆ ತಡೆಯಿತು. ಚಿಪ್ಪು ತೆಳುವಾಯಿತು. ಕಾವು ಕೊಡಲು ಕೂತ ತಾಯಿಯ ಮೈಭಾರಕ್ಕೇ ಮೊಟ್ಟೆ ಒಡೆಯಿತು. ಇದನ್ನು ಹೇಳುವಾಗ ನನಗೆ ಪ್ರತಿ ಸಲ ಗಂಟಲು ಕಟ್ಟುತ್ತದೆ. 1963ರಲ್ಲಿ ಅಲಾಸ್ಕ, ಹವಾಯಿ ಬಿಟ್ಟು ಉಳಿದ 48 ರಾಜ್ಯಗಳಲ್ಲಿ ಗೂಡು ಕಟ್ಟುತ್ತಿದ್ದ ಜೋಡಿಗಳು 417. 1972ರಲ್ಲಿ ಅಮೆರಿಕ ಡಿಡಿಟಿಯನ್ನು ನಿಷೇಧಿಸಿತು. 1973ರಲ್ಲಿ ಅಳಿವಿನಂಚಿನ ಜೀವಿಗಳ ಕಾನೂನು ಬಂದು ಗೂಡಿನ ಜಾಗಕ್ಕೂ ರಕ್ಷಣೆ ಸಿಕ್ಕಿತು. 2007ರಲ್ಲಿ ಜೋಡಿಗಳ ಸಂಖ್ಯೆ 9,789. ಆ ವರ್ಷ ಅಳಿವಿನ ಪಟ್ಟಿಯಿಂದ ಇದರ ಹೆಸರು ತೆಗೆದರು. 2021ರಲ್ಲಿ ಪ್ರಕಟವಾದ ಎಣಿಕೆಯಲ್ಲಿ 71,467 ಜೋಡಿ, ಒಟ್ಟು 3,16,700 ಹದ್ದುಗಳು.

ಬರೀ ನಿಷೇಧದಿಂದ ಇದೆಲ್ಲ ಆಗಲಿಲ್ಲ. ನ್ಯೂಯಾರ್ಕ್ ರಾಜ್ಯದಲ್ಲಿ 1970ರ ದಶಕಕ್ಕೆ ಉಳಿದಿದ್ದದ್ದು ಹೆಮ್‌ಲಾಕ್ ಕೆರೆಯ ಒಂದೇ ಜೋಡಿ, ಅದರ ಮೊಟ್ಟೆಯೂ ಒಡೆಯುತ್ತಿತ್ತು. 1976ರಿಂದ ಅಲ್ಲಿಯವರು ಬೇರೆ ರಾಜ್ಯಗಳ ಮರಿ ತಂದು, ಎತ್ತರದ ಅಟ್ಟಣೆಯ ಮೇಲೆ ಗೂಡು ಮಾಡಿ, ಮನುಷ್ಯರ ಮುಖ ಕಾಣದ ಹಾಗೆ ಊಟವಿಟ್ಟು ಬೆಳೆಸಿ ಹಾರಿಬಿಟ್ಟರು. 12 ವರ್ಷಗಳಲ್ಲಿ 198 ಮರಿಗಳು, ಹೆಚ್ಚಿನವು ಅಲಾಸ್ಕದವು. ಆದರೆ 1977ರಲ್ಲಿ ಬಿಟ್ಟ ಒಂದು ಗಂಡು ಮರಿ ನಮ್ಮ ಮಿನೆಸೋಟದ್ದು. 1981ರಲ್ಲಿ ಅದು ಅದೇ ಹೆಮ್‌ಲಾಕ್ ಕೆರೆಗೆ ಹೋಗಿ ಸಂಸಾರ ಹೂಡಿತು. ಮುಂದೆ ವರ್ಷಗಟ್ಟಲೆ ಅಲ್ಲಿ ಮರಿ ಎಬ್ಬಿಸಿತು. 2015ರ ಜೂನ್‌ನಲ್ಲಿ ಹೆನ್ರಿಯೆಟಾ ಎಂಬ ಊರಿನ ರಸ್ತೆ ಬದಿಯಲ್ಲಿ ಸತ್ತು ಬಿದ್ದಿತ್ತು, ಪಕ್ಕದಲ್ಲಿ ಆಗಷ್ಟೇ ಸತ್ತ ಒಂದು ಮೊಲ. ವಾಹನ ಬಡಿದಿತ್ತು. ಕಾಲಿನ ಉಂಗುರ ನೋಡಿದರೆ ವಯಸ್ಸು 38. ಉಂಗುರದ ಲೆಕ್ಕದಲ್ಲಿ ಕಾಡಿನಲ್ಲಿ ಅಷ್ಟು ಕಾಲ ಬದುಕಿದ ಹದ್ದು ಅದುವರೆಗೆ ಇನ್ನೊಂದಿರಲಿಲ್ಲ. ರಸ್ತೆಯಲ್ಲಿ ಸತ್ತ ಪ್ರಾಣಿ ಕಂಡರೆ ಕೌಂಟಿಗೆ, ಅಂದರೆ ಸ್ಥಳೀಯ ಆಡಳಿತಕ್ಕೆ, ಫೋನ್ ಮಾಡಿ ಎತ್ತಿಸಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ. ಊಟದಲ್ಲಿ ತಲೆತಗ್ಗಿಸಿದ ಹದ್ದು ಭಾರ ಹೊತ್ತು ನಿಧಾನಕ್ಕೆ ಏಳುತ್ತದೆ. ಕಾರಿಗೆ ಅಷ್ಟು ಹೊತ್ತು ಸಾಕು.

ಸೀಸಕ್ಕೆ ವಾಪಸು ಬರುತ್ತೇನೆ. 2022ರಲ್ಲಿ ದೊಡ್ಡದೊಂದು ಅಧ್ಯಯನ ಪ್ರಕಟವಾಯಿತು. 38 ರಾಜ್ಯಗಳ 1,210 ಹದ್ದುಗಳನ್ನು ಪರೀಕ್ಷಿಸಿದ್ದರು, ಬಿಳಿತಲೆಯವೂ ಹೊನ್ನಹದ್ದುಗಳೂ ಸೇರಿ. ಹತ್ತಿರ ಹತ್ತಿರ ಅರ್ಧದಷ್ಟರ ಮೂಳೆಯಲ್ಲಿ ಬಹುಕಾಲದಿಂದ ಸೇರುತ್ತ ಬಂದ ಸೀಸವಿತ್ತು. ಸಂಖ್ಯೆ ಏರುತ್ತಿರುವಾಗ ಇದನ್ನೇಕೆ ದೊಡ್ಡದು ಮಾಡಬೇಕು ಎಂದು ಕೇಳುವವರಿದ್ದಾರೆ. ಬಿಳಿತಲೆ ಹದ್ದಿನ ವಾರ್ಷಿಕ ಬೆಳವಣಿಗೆಯನ್ನು ಈ ಸೀಸ 3.8 ಪ್ರತಿಶತದಷ್ಟು ತಗ್ಗಿಸುತ್ತಿದೆ ಎಂದು ಅದೇ ಅಧ್ಯಯನ ಹೇಳುತ್ತದೆ. ಅದಕ್ಕಿಂತ ನನಗೆ ಮುಖ್ಯವಾದದ್ದು ಇನ್ನೊಂದು: ಸಂಖ್ಯೆ ಚೆನ್ನಾಗಿದೆ ಎಂದು ಆ ಎಕ್ಸ್‌ರೇಯ ಹಕ್ಕಿಗೆ ಹೇಳಲು ನನಗೆ ಬಾಯಿ ಬರುವುದಿಲ್ಲ.

ಇಲ್ಲಿ ಹಿಂದಿನ ಸಾಲಿನಿಂದ ಒಬ್ಬರು, "ಹಾಗಾದ್ರೆ ಬೇಟೆಯನ್ನೇ ನಿಲ್ಲಿಸಬಾರದಾ ಸಾರ್?" ಎಂದು ಕೇಳಿದರು. ನಮ್ಮಲ್ಲಿ ಅನೇಕರಿಗೆ ಮನಸ್ಸಿನಲ್ಲಿ ಬರುವ ಪ್ರಶ್ನೆ ಅದು. ಆದರೆ ನಾನು ಕಂಡ ಬೇಟೆಗಾರರಲ್ಲಿ ಹೆಚ್ಚಿನವರು ಹದ್ದನ್ನು ಪ್ರೀತಿಸುವವರೇ. ಆ ಎಕ್ಸ್‌ರೇ ಪ್ರತಿಯನ್ನು ತೋರಿಸಿದರೆ ಸುಮ್ಮನಾಗಿಬಿಡುತ್ತಾರೆ, ಆಮೇಲೆ ತಾಮ್ರದ ಗುಂಡು ಎಲ್ಲಿ ಸಿಗುತ್ತದೆ ಎಂದು ಕೇಳುತ್ತಾರೆ. ತಾಮ್ರದ್ದು ಚೂರಾಗುವುದು ತೀರಾ ಕಡಿಮೆ. ಬಾತುಕೋಳಿ ಬೇಟೆಗೆ ಸೀಸದ ಚರೆ 1991ರಿಂದ ದೇಶದಾದ್ಯಂತ ನಿಷಿದ್ಧ, ಬಾತುಬೇಟೆಯೇನೂ ನಿಂತಿಲ್ಲ. ಕ್ಯಾಲಿಫೋರ್ನಿಯಾ 2019ರಿಂದ ಎಲ್ಲ ಬೇಟೆಗೂ ಸೀಸ ಕೂಡದು ಎಂದಿದೆ. ಉಳಿದ ಹೆಚ್ಚಿನ ಕಡೆ ಜಿಂಕೆಗೆ ಸೀಸವೇ ನಡೆಯುತ್ತಿದೆ. ಇದು ಹಕ್ಕಿಯದೊಂದೇ ಕಷ್ಟವೂ ಅಲ್ಲ. 2008ರಲ್ಲಿ ನಾರ್ತ್ ಡಕೋಟದಲ್ಲಿ, ಇಲ್ಲಿ ಮಿನೆಸೋಟದಲ್ಲಿ ಬಡವರಿಗೆಂದು ದಾನ ಕೊಟ್ಟ ಜಿಂಕೆ ಮಾಂಸದಲ್ಲೂ ಸೀಸದ ಚೂರು ಸಿಕ್ಕಿತ್ತು. ನಿಮ್ಮ ಆಫೀಸಿನಲ್ಲಿ, ಅಕ್ಕಪಕ್ಕದಲ್ಲಿ ಬೇಟೆಗೆ ಹೋಗುವವರಿದ್ದರೆ ಅಕ್ಟೋಬರ್‌ನಲ್ಲೇ ಮಾತಾಡಿ. ಗುಂಡು ಬದಲಿಸಲು ಆಗದಿದ್ದರೆ ಕರುಳನ್ನು ಹೂಳಿ ಬನ್ನಿ ಎಂದಾದರೂ ಹೇಳಿ. ಇನ್ನು ನಮ್ಮವರು ಬೇಸಿಗೆಯಲ್ಲಿ ಮಕ್ಕಳನ್ನು ಕರೆದುಕೊಂಡು ಗಾಳ ಹಾಕಲು ಹೋಗುತ್ತೀರಲ್ಲ, ಗಾಳದ ದಾರಕ್ಕೆ ಕಟ್ಟುವ ಗುಂಡು ಬಹುತೇಕ ಸೀಸದ್ದೇ. ದಾರ ಹರಿದು ಅದು ಮೀನಿನ ಹೊಟ್ಟೆ ಸೇರಿದರೆ ಮುಂದೆ ಹದ್ದಿಗೂ ಮೀನು ತಿನ್ನುವ ಲೂನ್ ಎಂಬ ನೀರಹಕ್ಕಿಗೂ ಹೋಗುತ್ತದೆ. ತವರದ್ದು, ಉಕ್ಕಿನದ್ದು, ಟಂಗ್‌ಸ್ಟನ್‌ದು ಅಂಗಡಿಯಲ್ಲಿ ಸಿಗುತ್ತವೆ. ಈ ವಾರವೇ ಡಬ್ಬಿ ಬದಲಿಸಿ.

ಈಗ ಬೆಂಗಳೂರಿನ ವಿಷಯ. ಪಿಯುಸಿಯಲ್ಲಿ ಸೈನ್ಸ್ ಓದಿದವರಿಗೆಲ್ಲ ಹೈಡ್ರಿಲ್ಲಾ ಗೊತ್ತು. ಬೀಕರಿನ ನೀರಿನಲ್ಲಿ ಹಸಿರು ಗಿಡ ಇಟ್ಟು, ಅದರ ಮೇಲೆ ಫನಲ್ ಬೋರಲು ಹಾಕಿ, ಟೆಸ್ಟ್‌ಟ್ಯೂಬ್ ಕವುಚಿ, ಕಿಟಕಿಯ ಬಿಸಿಲಿಗಿಟ್ಟು ಗುಳ್ಳೆ ಎಣಿಸುತ್ತಿದ್ದೆವು. ಅದೇ ಗಿಡ 1950ರ ದಶಕದಲ್ಲಿ ಅಕ್ವೇರಿಯಂ ವ್ಯಾಪಾರದ ಜೊತೆ ಫ್ಲಾರಿಡಾಕ್ಕೆ ಬಂತು. ತೊಟ್ಟಿಯಿಂದ ಕಾಲುವೆಗೆ, ಕಾಲುವೆಯಿಂದ ಕೆರೆಗಳಿಗೆ ಹಬ್ಬಿತು. ದಕ್ಷಿಣದ ರಾಜ್ಯಗಳಲ್ಲಿ ಹಬ್ಬಿರುವ ಈ ತಳಿಯ ವಂಶವಾಹಿಯನ್ನು ಬೇರೆ ಬೇರೆ ದೇಶಗಳ ಮಾದರಿಗಳ ಜೊತೆ ಹೋಲಿಸಿದಾಗ ತೀರಾ ಹತ್ತಿರ ಬಂದದ್ದು ಬೆಂಗಳೂರಿನ ಮಾದರಿ. 1994ರ ಚಳಿಗಾಲದಲ್ಲಿ ಅರ್ಕನ್ಸಾದ ಡಿಗ್ರೇ ಜಲಾಶಯದ ಬಳಿ ಹದ್ದುಗಳು ಕುಡಿದವರ ಹಾಗೆ ಓಲಾಡುತ್ತ ಬಂಡೆಗೆ ಬಡಿದು ಸಾಯತೊಡಗಿದವು. ಆ ಒಂದೇ ಚಳಿಗಾಲದಲ್ಲಿ 29 ಹೆಣ. ಮಿದುಳು ಕತ್ತರಿಸಿ ನೋಡಿದರೆ ತುಂಬ ಸಣ್ಣ ಸಣ್ಣ ತೂತು. ಕಾರಣ ಹುಡುಕಲು 25 ವರ್ಷಕ್ಕೂ ಹೆಚ್ಚು ಹಿಡಿಯಿತು. ಜಾರ್ಜಿಯಾ ವಿಶ್ವವಿದ್ಯಾಲಯದ ಸೂಸನ್ ವೈಲ್ಡ್ ಅವರು ಹೈಡ್ರಿಲ್ಲಾ ಎಲೆಯ ಅಡಿಯಲ್ಲಿ ಅಂಟಿ ಬೆಳೆಯುವ ಒಂದು ನೀಲಿಹಸಿರು ಪಾಚಿಯನ್ನು ಪತ್ತೆ ಮಾಡಿದರು. ಅದಕ್ಕೆ ಇಟ್ಟ ವೈಜ್ಞಾನಿಕ ಹೆಸರಿನ ಅರ್ಥವೇ ಹದ್ದುಗಳನ್ನು ಕೊಲ್ಲುವಂಥದ್ದು ಎಂದು. 2021ರಲ್ಲಿ ಜರ್ಮನಿಯ ವಿಜ್ಞಾನಿಗಳ ಜೊತೆ ಸೇರಿ ವಿಷವನ್ನೂ ಬೇರ್ಪಡಿಸಿದರು. ನೀರಿನಲ್ಲಿ ಬ್ರೋಮೈಡ್ ಇದ್ದರೆ ಮಾತ್ರ ಆ ಪಾಚಿ ಈ ವಿಷ ತಯಾರಿಸುತ್ತದೆ. ಗಿಡವನ್ನು ನಾಮದ ಕೋಳಿ ತಿನ್ನುತ್ತದೆ, ಹಣೆಯ ಮೇಲೆ ಬಿಳಿ ನಾಮವಿರುವ ಆ ಕಪ್ಪು ನೀರಕ್ಕಿ. ತಿಂದು ಓಲಾಡುತ್ತದೆ. ಓಲಾಡುವ ಹಕ್ಕಿ ಹದ್ದಿಗೆ ಸುಲಭದ ತುತ್ತು. ಕೆಲವು ಕಡೆ ಹೈಡ್ರಿಲ್ಲಾ ಕೊಲ್ಲಲು ಹಾಕುವ ಕಳೆನಾಶಕದಲ್ಲೇ ಬ್ರೋಮೈಡ್ ಇರುತ್ತದೆ, ಅದನ್ನು ನೋಡಿ ಹಾಕಬೇಕು. ನಮ್ಮ ಪಾಲಿಗೆ ಬರುವುದು ಇಷ್ಟು: ಮನೆಯ ಅಕ್ವೇರಿಯಂ ಗಿಡವನ್ನು ಕೆರೆಗೆ ಚೆಲ್ಲಬೇಡಿ, ಒಣಗಿಸಿ ಕಸಕ್ಕೆ ಹಾಕಿ. ದೋಣಿ ನೀರಿನಿಂದ ತೆಗೆದಾಗ ಅಂಟಿದ ಎಳೆಗಳನ್ನೆಲ್ಲ ಅಲ್ಲೇ ಕಿತ್ತು ಹಾಕಿ.

ನಾಯಿ ಬೆಕ್ಕು ಸಾಕಿದವರು ಇದನ್ನು ಸ್ವಲ್ಪ ಮನಸ್ಸಿಟ್ಟು ಕೇಳಿ. 2022ರ ಡಿಸೆಂಬರ್‌ನಲ್ಲಿ ಇಲ್ಲೇ ಇನ್ವರ್ ಗ್ರೋವ್ ಹೈಟ್ಸ್‌ನಲ್ಲಿ, ಕಸ ಹೂಳುವ ಜಾಗದ ಬಳಿ 13 ಹದ್ದುಗಳು ಹಿಮದ ಮೇಲೆ ಬಿದ್ದಿದ್ದವು. ನೋವಿಲ್ಲದೆ ಸಾಯಲೆಂದು ಪ್ರಾಣಿಗೆ ಕೊಡುವ ಪೆಂಟೋಬಾರ್ಬಿಟಾಲ್ ಇಂಜೆಕ್ಷನ್ ಇದೆಯಲ್ಲ, ಅದು ಮೈಯಲ್ಲಿದ್ದ ಹೆಣ ತಿಂದಿದ್ದವು. ಆ ಔಷಧ ಹೆಣದಲ್ಲಿ ಬಹಳ ಕಾಲ ಹಾಗೇ ಇರುತ್ತದೆ. ಮನೆಯ ಮಗುವಿನ ಹಾಗೆ ಸಾಕಿದ ನಾಯಿಯನ್ನು ಹಾಗೆ ಕಳಿಸಿಕೊಡಬೇಕಾಗಿ ಬಂದರೆ ದಹನ ಮಾಡಿಸಿ, ಇಲ್ಲವೇ ಆಳವಾಗಿ ಹೂಳಿ. ಇಲಿಪಾಷಾಣವೂ ಹೀಗೆಯೇ. ಇಲಿ ತಕ್ಷಣ ಸಾಯುವುದಿಲ್ಲ, ಮೈಯಲ್ಲಿ ವಿಷ ಹೊತ್ತು ಕೆಲವು ದಿನ ಓಡಾಡುತ್ತದೆ. 2021ರ ಅಧ್ಯಯನವೊಂದರಲ್ಲಿ ಪರೀಕ್ಷಿಸಿದ ಹದ್ದುಗಳಲ್ಲಿ ಪ್ರತಿಶತ 80ಕ್ಕೂ ಹೆಚ್ಚಿನವುಗಳ ಯಕೃತ್ತಿನಲ್ಲಿ ಈ ವಿಷದ ಅಂಶವಿತ್ತು. ಬಲೆ ಬೋನು ಇಡಿ, ಗೋಡೆಯ ಸಂದು ಮುಚ್ಚಿ. ಗ್ಯಾರೇಜಿನ ಮೂಲೆಯಲ್ಲಿ ಕೀಟ ಕಂಪನಿಯವರು ಇಟ್ಟುಹೋದ ಕಪ್ಪು ಡಬ್ಬಿಯಲ್ಲಿ ಏನಿದೆ ಎಂದು ಕೇಳಿ ತಿಳಿದುಕೊಳ್ಳಿ.

ಗೂಡಿನ ಬಗ್ಗೆ ಬೇಗ ಹೇಳುತ್ತೇನೆ. ಒಂದೇ ಗೂಡಿಗೆ ವರ್ಷ ವರ್ಷ ಕಡ್ಡಿ ಸೇರಿಸುತ್ತ ಹೋಗುವ ಹಕ್ಕಿ ಇದು. ಫ್ಲಾರಿಡಾದ ಒಂದು ಗೂಡು 2.9 ಮೀಟರ್ ಅಗಲ, 6 ಮೀಟರ್ ಆಳ ಇತ್ತು. ನಿಮ್ಮಲ್ಲಿ ಎಷ್ಟೋ ಮಂದಿ ಮಕ್ಕಳ ಜೊತೆ ಕ್ಯಾಮೆರಾ ಮೂಲಕ ನೋಡುತ್ತಿದ್ದ ಮಿನೆಸೋಟದ ಗೂಡು 2023ರ ಏಪ್ರಿಲ್‌ನಲ್ಲಿ ಹಿಮದ ಭಾರಕ್ಕೆ ಕುಸಿಯಿತಲ್ಲ, ಅದರ ತೂಕ 900 ಕಿಲೋ ಮೇಲಿತ್ತು. ಅಂಥ ಭಾರ ಹೊರುವ ಮರ ಹಳೆಯದಾಗಿರಬೇಕು, ನೀರಿನ ಹತ್ತಿರವಿರಬೇಕು. ನಮಗೆ ಮನೆ ಕಟ್ಟಲು ಬೇಕಾದ ಜಾಗವೂ ಅದೇ. ಗೂಡಿನಲ್ಲಿ ಮೊಟ್ಟೆ ಮರಿ ಇರುವಾಗ 660 ಅಡಿ, ಅಂದರೆ 200 ಮೀಟರ್, ದೂರವಿರಿ ಎಂಬುದು ಸರ್ಕಾರದ ಸೂಚನೆ. ಫೋಟೋಗೆಂದು ಒಳಗೆ ಹೋದರೆ ತಾಯಿ ಏಳುತ್ತದೆ, ಫೆಬ್ರುವರಿಯ ಚಳಿಗೆ ಮೊಟ್ಟೆ ಸಾಯುತ್ತದೆ. ಬಿದ್ದ ಗರಿ ಸಿಕ್ಕರೂ ಮನೆಗೆ ತರಬೇಡಿ, ಇಟ್ಟುಕೊಳ್ಳುವುದು ಅಪರಾಧ. ಸತ್ತ ಹದ್ದುಗಳೂ ಗರಿಗಳೂ ಕೊಲರಾಡೋದ ಒಂದು ಸರ್ಕಾರಿ ಸಂಗ್ರಹಕ್ಕೆ ಹೋಗಿ, ಅಲ್ಲಿಂದ ಈ ನೆಲದ ಮೂಲನಿವಾಸಿಗಳ ಪೂಜೆ ಆಚರಣೆಗಳಿಗೆ ಹಂಚಿಕೆಯಾಗುತ್ತವೆ. ಗರುಡನಿಗೆ ಕೈ ಮುಗಿದು ಬೆಳೆದ ನಮಗೆ ಅದು ಬೇಗ ಅರ್ಥವಾಗಬೇಕು. ಮತ್ತೆ, ಇಲ್ಲಿಯ ಟ್ಯಾಕ್ಸ್ ಫಾರ್ಮಿನಲ್ಲಿ ವನ್ಯಜೀವಿಗಳಿಗೆಂದು ದಾನ ಬರೆಯುವ ಒಂದು ಸಾಲಿದೆ. ಈ ವರ್ಷ ಅದನ್ನು ಖಾಲಿ ಬಿಡಬೇಡಿ.

ಊರಿಗೆ ಹೋದಾಗ ಮಾಡುವ ಒಂದು ಕೆಲಸವೂ ಇದೆ. ಇಲ್ಲಿ ಸೀಸ, ಪೆಂಟೋಬಾರ್ಬಿಟಾಲ್ ಮಾಡಿದ್ದನ್ನು ನಮ್ಮಲ್ಲಿ ಡೈಕ್ಲೋಫೆನಾಕ್ ಮಾಡಿತು. ದನದ ನೋವಿಗೆಂದು ಕೊಟ್ಟ ಚುಚ್ಚುಮದ್ದು ಸತ್ತ ದನದ ಮೈಯಲ್ಲಿ ಉಳಿದು, ತಿಂದ ರಣಹದ್ದುಗಳ ಮೂತ್ರಪಿಂಡ ಕೆಡಿಸಿತು. ಬಿಳಿಬೆನ್ನಿನ ರಣಹದ್ದು 100ಕ್ಕೆ 99ರಷ್ಟು ಹೋಯಿತು. ಪಶುಗಳಿಗೆ ಅದನ್ನು ಕೊಡುವುದನ್ನು 2006ರಲ್ಲಿ ನಿಷೇಧಿಸಿದರು. 2023ರಲ್ಲಿ ಕೀಟೋಪ್ರೊಫೆನ್, ಅಸೆಕ್ಲೋಫೆನಾಕ್ ಕೂಡ ಆ ಪಟ್ಟಿಗೆ ಸೇರಿದವು. ರಾಮನಗರದ ರಾಮದೇವರಬೆಟ್ಟ 2012ರಿಂದ ರಣಹದ್ದು ಧಾಮ, ಅಲ್ಲಿ ಬಂಡೆಯ ಮೇಲೆ ಉಳಿದಿರುವವು ಬೆರಳೆಣಿಕೆಯವು. ನಿಮ್ಮ ಅಪ್ಪನ, ಚಿಕ್ಕಪ್ಪನ ಕೊಟ್ಟಿಗೆಯಲ್ಲಿ ಹಸುವಿದ್ದರೆ, ಮುಂದಿನ ಸಲ ಹೋದಾಗ ಮಾಡಿನ ಸಂದಿಯಲ್ಲಿ ಸಿಕ್ಕಿಸಿಟ್ಟ ಔಷಧದ ಬಾಟಲಿಗಳನ್ನು ತೆಗೆದು ಹೆಸರು ಓದಿ. ಪಶುವೈದ್ಯರು ಬಂದಾಗ, "ನೋವಿಗೆ ಮೆಲಾಕ್ಸಿಕಾಮ್ ಬರೆದುಕೊಡಿ ಡಾಕ್ಟ್ರೇ, ಅದು ಹದ್ದಿಗೆ ಏನೂ ಮಾಡಲ್ಲ" ಎಂದು ಕೇಳಿ. ಕಳೆದ ಬೇಸಿಗೆಯಲ್ಲಿ ನಾನು ಹಾಗೆ ಕೇಳಿದೆ. ಅವರು ಆಗಲೇ ಬರೆದಿದ್ದ ಚೀಟಿಯನ್ನು ಹರಿದು, ಬೇರೆ ಬರೆದುಕೊಟ್ಟರು.